ಬ್ಲ್ಯಾಕ್‌ಪೂಲ್ ಟವರ್ ಬಾಲ್‌ರೂಮಿನ ಚರಿತ್ರೆಯನ್ನು ಅಲ್ಲಿಯೇ ನಿಂತು ತಿಳಿಯುವ ಬಗೆ

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್‌ಗೆ ಬರುವವರಲ್ಲಿ ಹೆಚ್ಚಿನವರು 518 ಅಡಿ ಎತ್ತರದ ಗೋಪುರವನ್ನು ಏರಿ ಇಳಿದು, ಅದರ ಬುಡದ ಕಟ್ಟಡದಲ್ಲಿರುವ ಬಾಲ್‌ರೂಮಿನೊಳಗೆ, ಅಂದರೆ ನೃತ್ಯದ ಸಭಾಂಗಣದೊಳಗೆ, ಒಮ್ಮೆ ಇಣುಕಿ ಹೊರಟುಬಿಡುತ್ತಾರೆ. ಬಾಲ್‌ರೂಮಿನ ಚರಿತ್ರೆಯನ್ನು ಅರಿಯುವ ಇಚ್ಛೆಯಿರುವವರು ಮೊದಲು ಅಲ್ಲಿಗೆ ಹೋಗದೆ, ಸಮೀಪದಲ್ಲೇ ಇರುವ ವಿಂಟರ್ ಗಾರ್ಡನ್ಸ್ ಎಂಬ ಮನರಂಜನಾ ಕಟ್ಟಡವನ್ನು ನೋಡಿಕೊಂಡು ಬರುವುದು ಒಳ್ಳೆಯದು, ಏಕೆಂದರೆ ಈ ಕಥೆ ಆರಂಭವಾಗುವುದೇ ಎರಡು ಕಂಪನಿಗಳ ಪೈಪೋಟಿಯಿಂದ.

ಗೋಪುರದ ಕಂಪನಿ 1894ರಲ್ಲಿ ತನ್ನ ಮೊದಲ ಸಭಾಮಂಟಪವನ್ನು ತೆರೆಯಿತು. 1896ರಲ್ಲಿ ವಿಂಟರ್ ಗಾರ್ಡನ್ಸ್‌ನವರು ಎಂಪ್ರೆಸ್ ಬಾಲ್‌ರೂಮನ್ನು ಕಟ್ಟಿದಾಗ ಆ ಮಂಟಪ ಮಂಕಾಯಿತು. ಸುಮ್ಮನಿರಲಾರದ ಗೋಪುರದವರು ನಾಟಕಶಾಲೆಗಳ ನಿರ್ಮಾಣದಲ್ಲಿ ಹೆಸರಾಗಿದ್ದ ವಾಸ್ತುಶಿಲ್ಪಿ ಫ್ರ್ಯಾಂಕ್ ಮ್ಯಾಚಮ್‌ಗೆ ಕೆಲಸ ಒಪ್ಪಿಸಿದರು. ಇಂದಿನ ಬಾಲ್‌ರೂಮ್ 1899ರಲ್ಲಿ ತೆರೆಯಿತು. ಎಂಪ್ರೆಸ್ ಮತ್ತು ಗೋಪುರದ ಬಾಲ್‌ರೂಮ್ ಎರಡನ್ನೂ ಒಂದೇ ಎಂದು ತಿಳಿಯುವ ತಪ್ಪು ಬಹಳ ಸಾಮಾನ್ಯ. 1920ರಲ್ಲಿ ಆರಂಭವಾದ ಪ್ರಸಿದ್ಧ ಬ್ಲ್ಯಾಕ್‌ಪೂಲ್ ನೃತ್ಯೋತ್ಸವ ನಡೆಯುವುದು ಎಂಪ್ರೆಸ್‌ನಲ್ಲಿಯೇ ಹೊರತು ಗೋಪುರದ ಬಾಲ್‌ರೂಮಿನಲ್ಲಲ್ಲ.

ಇನ್ನು ಗೋಪುರದ ಬಾಲ್‌ರೂಮಿಗೆ ಬನ್ನಿ. ನೇರವಾಗಿ ನೃತ್ಯದ ನೆಲಕ್ಕೆ ಇಳಿಯದೆ ಮೇಲಿನ ಬಾಲ್ಕನಿಯಲ್ಲಿ ಕುಳಿತುಕೊಳ್ಳಿ. ಸುತ್ತುವರಿದ ಬಾಲ್ಕನಿಗಳು, ಎದುರಿನ ವೇದಿಕೆ, ಅದರ ಚೌಕಟ್ಟಿನ ಮೇಲೆ ಕೆತ್ತಿರುವ ಷೇಕ್ಸ್‌ಪಿಯರನ ಸಾಲು, ಬಣ್ಣದ ಚಿತ್ರಗಳ ಚಾವಣಿ ಇವೆಲ್ಲವೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ, ಮ್ಯಾಚಮ್ ನೃತ್ಯಕ್ಕೆ ಎಷ್ಟು ಗಮನ ಕೊಟ್ಟನೋ ನೃತ್ಯವನ್ನು ನೋಡುವವರಿಗೂ ಅಷ್ಟೇ ಗಮನ ಕೊಟ್ಟನೆಂಬುದು ತಾನಾಗಿಯೇ ತಿಳಿಯುತ್ತದೆ.

ಬಳಿಕ ಕೆಳಗಿಳಿದು ನೆಲವನ್ನು ಹತ್ತಿರದಿಂದ ನೋಡಿ. ಸುಮಾರು 120 ಅಡಿ ಉದ್ದ, 102 ಅಡಿ ಅಗಲದ ಈ ನೆಲದಲ್ಲಿ ಮಹಾಗನಿ, ಓಕ್ ಮತ್ತು ವಾಲ್ನಟ್ ಮರದ 30,602 ತುಂಡುಗಳನ್ನು ಜೋಡಿಸಲಾಗಿದೆ. ಮೂರು ಮರಗಳ ಬಣ್ಣ ಬೇರೆಬೇರೆಯಾದ್ದರಿಂದ ವಿನ್ಯಾಸ ಸುಲಭವಾಗಿ ಗೋಚರಿಸುತ್ತದೆ. ಆದರೆ ಇದನ್ನು ವಿಕ್ಟೋರಿಯಾ ರಾಣಿಯ ಕಾಲದ ನೆಲವೆಂದು ಭಾವಿಸಬೇಡಿ. 1956ರ ಡಿಸೆಂಬರಿನ ಬೆಂಕಿಯಲ್ಲಿ ಹಳೆಯ ನೆಲವೂ ಅದರ ಕೆಳಗಿದ್ದ ಉಪಾಹಾರಗೃಹವೂ ನಾಶವಾದವು, ದುರಸ್ತಿಗೆ ಸುಮಾರು ಎರಡು ವರ್ಷ ಹಿಡಿಯಿತು. ಹಳೆಯದನ್ನು ಹಾಗೆಯೇ ಮರಳಿ ಕಟ್ಟಿದ ಜಾಣ್ಮೆ ಎಷ್ಟು ಸೊಗಸಾಗಿದೆಯೆಂದರೆ ಬೆಂಕಿಯ ವಿಷಯ ತಿಳಿಯದವರಿಗೆ ಅನುಮಾನವೇ ಬಾರದು. ನನ್ನ ಮಟ್ಟಿಗೆ ಈ ಕಟ್ಟಡದಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದ ಕೆಲಸ ಇದೇ.

ವರ್ಲಿಟ್ಜರ್ ಕಂಪನಿಯ ಆರ್ಗನ್, ಅಂದರೆ ಕೊಳವೆಗಳ ಮೂಲಕ ನುಡಿಯುವ ದೊಡ್ಡ ವಾದ್ಯ, ನುಡಿಯುವವರೆಗೆ ಕಾಯದೆ ಹೊರಡಬೇಡಿ. ವಾದಕನನ್ನು ಕೂರಿಸಿಕೊಂಡ ಅದರ ಬಿಳಿಯ ಪೀಠ ವೇದಿಕೆಯ ಕೆಳಗಿನಿಂದ ಮೇಲೇರಿ ಬರುತ್ತದೆ. ಮೊದಲ ಆರ್ಗನ್ ಬಂದದ್ದು 1929ರಲ್ಲಿ. 1935ರಲ್ಲಿ ದೊಡ್ಡದೊಂದನ್ನು ತರಿಸಿ, ಹಳೆಯದನ್ನು ಎಂಪ್ರೆಸ್ ಬಾಲ್‌ರೂಮಿಗೆ ಕಳುಹಿಸಿದರು. ಪ್ರತಿಸ್ಪರ್ಧಿಗೆ ಏಕೆ ಕೊಟ್ಟರೆಂದು ಆಶ್ಚರ್ಯಪಡಬೇಕಾಗಿಲ್ಲ, 1928ರಲ್ಲಿಯೇ ಗೋಪುರದ ಕಂಪನಿ ವಿಂಟರ್ ಗಾರ್ಡನ್ಸನ್ನು ತನ್ನದಾಗಿಸಿಕೊಂಡಿತ್ತು. 1930ರಿಂದ 1970ರವರೆಗೆ ಇಲ್ಲಿ ಆರ್ಗನ್ ನುಡಿಸಿದ ರೆಜಿನಾಲ್ಡ್ ಡಿಕ್ಸನ್ ರೇಡಿಯೊ ಮೂಲಕ ದೇಶಕ್ಕೆಲ್ಲ ಪರಿಚಿತನಾದನು.

ಹಿಂದಿನ ಕಟ್ಟುಪಾಡುಗಳನ್ನೂ ವಿಚಾರಿಸಿ. ಆರಂಭದ ದಿನಗಳಲ್ಲಿ ಭಾನುವಾರ ನೃತ್ಯಕ್ಕೆ ಅವಕಾಶವಿರಲಿಲ್ಲ, ಅಂದು ಭಕ್ತಿಸಂಗೀತ ಮಾತ್ರ. ಮಹಿಳೆಯ ಜೊತೆಯಿಲ್ಲದೆ ಪುರುಷರು ಕುಣಿಯುವಂತಿರಲಿಲ್ಲ. 2010ರಲ್ಲಿ ಗೋಪುರ ಮತ್ತು ವಿಂಟರ್ ಗಾರ್ಡನ್ಸ್ ಎರಡನ್ನೂ ಸ್ಥಳೀಯ ಆಡಳಿತವೇ ಕೊಂಡುಕೊಂಡಿತು. ಖಾಸಗಿ ಸಮಾರಂಭಗಳೂ ಸ್ಪರ್ಧೆಗಳೂ ಗೋಪುರದ ಬಾಲ್‌ರೂಮಿನಲ್ಲಿ ನಡೆಯುವುದರಿಂದ, ಸಾರ್ವಜನಿಕ ನೃತ್ಯವಿರುವ ದಿನವನ್ನು ಮೊದಲೇ ಖಚಿತಪಡಿಸಿಕೊಂಡು ಟಿಕೆಟ್ ಕೊಳ್ಳಿ.