ಬೆಟ್ಟ ಹತ್ತೋ ಗೆಸ್ಟುಗಳಿಗೆ ಬುತ್ತಿ ಕಟ್ಟೋದು

ನಮ್ಮ ಕಡೆ ಹೊಸದಾಗಿ ಹೋಂಸ್ಟೇ ಶುರು ಮಾಡಿರೋ ಹುಡುಗೀರು ನನ್ನ ಕೇಳ್ತಾನೇ ಇರ್ತಾರೆ, ಅಮ್ಮಾ ಗೆಸ್ಟು ಮಧ್ಯಾಹ್ನಕ್ಕೆ ಪಾರ್ಸೆಲ್ ಬೇಕು ಅಂತಾರೆ ಏನು ಮಾಡಿಕೊಡೋದು ಅಂತ. ನಾನು ತಿರುಗಿ ಕೇಳೋದು ಒಂದೇ, ಅವ್ರು ಅದನ್ನ ಎಷ್ಟೊತ್ತಿಗೆ ಬಿಚ್ತಾರೆ, ಎಲ್ಲಿ ಕೂತು ತಿಂತಾರೆ? ಅದು ಗೊತ್ತಾಗೋ ತನಕ ಒಲೆ ಹಚ್ಚಬೇಡಿ. ನಮ್ಮನೆ ಇರೋದು ಕಳಸದ ಹತ್ರ, ಬರೋರಲ್ಲಿ ಮುಕ್ಕಾಲು ಪಾಲು ಕುದುರೆಮುಖ ಹತ್ತೋಕೆ ಬರೋ ಬೆಂಗಳೂರು ಮಕ್ಕಳು, ಹತ್ತೋಕೆ ಶುರು ಮಾಡೋ ಮುಳ್ಳೋಡಿಯಿಂದ ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್ ನಡಿಬೇಕು, ಮೇಲೆ ಅಂಗಡಿ ಇಲ್ಲ ಹೋಟ್ಲಿಲ್ಲ, ಬೆಳಗ್ಗೆ ಆರಕ್ಕೆ ನಾವು ಕಟ್ಟಿದ್ದನ್ನ ಅವ್ರು ಬಿಚ್ಚೋದು ಹನ್ನೆರಡೂವರೆ ಒಂದು ಗಂಟೆಗೆ. ಅಷ್ಟೊತ್ತೂ ಬ್ಯಾಗಲ್ಲಿ, ಬೆನ್ನಿನ ಶಾಖದಲ್ಲಿ ಕೂತಿದ್ದ ಊಟ ಅದು. ನಮ್ಮ ಡೈನಿಂಗ್ ಟೇಬಲ್ ಮೇಲೆ ಚೆನ್ನಾಗಿರೋದೆಲ್ಲ ಅಲ್ಲಿ ಚೆನ್ನಾಗಿರಲ್ಲ.

ನಾನು ಕಲಿತಿದ್ದೂ ಎಡವಟ್ಟು ಮಾಡ್ಕೊಂಡೇ. ಮೊದಲ ವರ್ಷ ಅಕ್ಟೋಬರಲ್ಲಿ ಆರು ಜನಕ್ಕೆ ಇಡ್ಲಿ, ಹಸಿ ಕಾಯಿ ಚಟ್ನಿ ಹಾಕಿ, ಬಿಸಿ ಬಿಸಿ ಇರ್ಲಿ ಅಂತ ಹಬೆ ಆಡ್ತಿರೋವಾಗ್ಲೇ ಡಬ್ಬಿ ಮುಚ್ಚಳ ಒತ್ತಿಬಿಟ್ಟೆ. ಸಂಜೆ ಒಂದು ಹುಡುಗಿ ಪಾಪ ಸಂಕೋಚದಲ್ಲೇ ಹೇಳಿದ್ಲು, ಆಂಟಿ ಚಟ್ನಿ ನೊರೆ ಬಂದಿತ್ತು, ಇಡ್ಲಿ ನೀರು ನೀರು, ನಾವು ಬಿಸ್ಕೆಟ್ ತಿಂದು ಇಳಿದ್ವಿ ಅಂತ. ಆವತ್ತಿಂದ ಹಸಿ ತೆಂಗಿನಕಾಯಿ ನಮ್ಮನೆ ಬುತ್ತಿಗೆ ಸೇರಿಲ್ಲ. ಒಗ್ಗರಣೆಗೂ ಇಲ್ಲ, ಪಲ್ಯದ ಮೇಲೂ ಇಲ್ಲ, ಬೇಕಾದ್ರೆ ಒಣ ಕೊಬ್ಬರಿ ಹುರಿದು ಹಾಕಿ.

ಅನ್ನದ ವಿಷಯ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಯಾಕಂದ್ರೆ ಅನ್ನ ಅಲ್ವಾ ಏನಾಗತ್ತೆ ಅನ್ನೋರೇ ಜಾಸ್ತಿ. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇರತ್ತೆ, ಬೇಯಿಸಿದ್ರೂ ಅದರ ಬೀಜಾಣು ಸಾಯಲ್ಲ, ಬೆಂದ ಅನ್ನ ಉಗುರು ಬೆಚ್ಚಗೆ ಗಂಟೆಗಟ್ಟಲೆ ಕೂತ್ರೆ ಅದು ಬೆಳೆದು ವಿಷ ಬಿಡತ್ತೆ, ಆಮೇಲೆ ಮತ್ತೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. 5 ಡಿಗ್ರಿಯಿಂದ 60 ಡಿಗ್ರಿ ಒಳಗಿನ ಶಾಖನೇ ಇಂಥದ್ದಕ್ಕೆ ಹಬ್ಬ. ಹಾಗಾಗಿ ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಗೆಸ್ಟಿಗೆ ಕಟ್ಟೋದು ಬೇಡವೇ ಬೇಡ, ಮನೆಯವ್ರು ತಿಂದು ಅರಗಿಸ್ಕೊಂಡ್ರು ಅಂತ ಇನ್ನೊಬ್ರ ಮಕ್ಕಳ ಹೊಟ್ಟೆ ಮೇಲೆ ಪ್ರಯೋಗ ಮಾಡಬಾರ್ದು. ನಾಲ್ಕೂವರೆಗೆ ಎದ್ದು ಹೊಸ ಅನ್ನ ಉದುರುದುರಾಗಿ ಮಾಡಿ, ಅಗಲವಾದ ತಟ್ಟೆಗೆ ಹರವಿ, ಎರಡು ಚಮಚ ಎಳ್ಳೆಣ್ಣೆ ಸವರಿ, ಫ್ಯಾನ್ ಕೆಳಗಿಟ್ಟು ಬೇಗ ಆರಿಸಿ, ಆಮೇಲೆ ಪುಳಿಯೋಗರೆ ಗೊಜ್ಜು ಕಲಸಿ. ಹುಣಸೆಹಣ್ಣಿನ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಅನ್ನನ ಕಾಯ್ತವೆ, ನಮ್ಮಜ್ಜಿ ಕಾಲದಲ್ಲಿ ಧರ್ಮಸ್ಥಳಕ್ಕೆ ಹೋಗೋರಿಗೆ ಪುಳಿಯೋಗರೆನೇ ಯಾಕೆ ಕಟ್ತಿದ್ರು ಅಂತ ನಂಗೆ ಅರ್ಥ ಆಗಿದ್ದು ಹೋಂಸ್ಟೇ ಮಾಡಿದ್ಮೇಲೆ. ಗೊಜ್ಜು ವಾರಕ್ಕೊಂದ್ಸಲ ಮಾಡಿ ಫ್ರಿಜ್ಜಲ್ಲಿ ಇಟ್ಕೊಳ್ಳಿ, ಬೆಳಗಿನ ಅರ್ಧ ಕೆಲಸ ಮುಗೀತು.

ಮೊಸರನ್ನ ಕೇಳೋರಿಗೆ, ಮೆತ್ತಗೆ ಬೆಂದ ಅನ್ನ ಮಸೆದು, ಕಾಯಿಸಿ ಆರಿಸಿದ ಹಾಲು ಧಾರಾಳ ಹಾಕಿ, ಮೊಸರು ಬರೀ ಒಂದೇ ಚಮಚ. ನೋಡೋಕೆ ಪಾಯಸದ ಹಾಗೆ ತೆಳ್ಳಗಿರತ್ತೆ, ಹೆದರಬೇಡಿ, ಮಧ್ಯಾಹ್ನದ ಹೊತ್ತಿಗೆ ಡಬ್ಬೀಲೇ ಹೆಪ್ಪಾಗಿ ಹದಕ್ಕೆ ಬಂದಿರತ್ತೆ, ಹುಳಿ ಬಂದಿರಲ್ಲ. ಸೌತೆಕಾಯಿ ಈರುಳ್ಳಿ ಅದಕ್ಕೆ ಕೊಚ್ಚಿ ಹಾಕಬೇಡಿ. ಮಾವಿನ ಮಿಡಿ ಉಪ್ಪಿನಕಾಯಿ ಒಂದು, ಸಾಕು. ಅಕ್ಕಿ ರೊಟ್ಟಿ ಮಾತ್ರ ಕಟ್ಟಬೇಡಿ, ಮಲೆನಾಡಿನ ಅಕ್ಕಿ ರೊಟ್ಟೀನೇ ಬೇಕು ಅಂತ ಹಠ ಮಾಡ್ತಾರೆ ಕೆಲವ್ರು, ಆರಿದ್ಮೇಲೆ ಅದು ಚಪ್ಪಲಿ, ಅದನ್ನ ರಾತ್ರಿ ವಾಪಸ್ ಬಂದ್ಮೇಲೆ ಕಾವಲಿಯಿಂದ ನೇರ ತಟ್ಟೆಗೆ ಹಾಕ್ತೀನಿ ಅಂತ ಹೇಳಿ ಒಪ್ಪಿಸಿ. ಚಪಾತಿ ಆದ್ರೆ ಹಿಟ್ಟಿಗೆ ಹಾಲು ಹಾಕಿ ಕಲಸಿ, ಬಟ್ಟೆ ಮೇಲೆ ಪೂರ್ತಿ ಆರಿಸಿ, ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿ ಕೊಡಿ, ನಡೀತಾ ನಡೀತಾನೂ ತಿನ್ನಬಹುದು. ಮೊಟ್ಟೆ ತಿನ್ನೋರಿಗೆ ಬೇಯಿಸಿದ ಮೊಟ್ಟೆ ಸಿಪ್ಪೆ ಸಮೇತ.

ಇನ್ನು ಕಟ್ಟೋದು. ನ್ಯೂಸ್ ಪೇಪರಲ್ಲಿ ಸುತ್ತಬೇಡಿ, ಶಾಯಿ ಊಟಕ್ಕೆ ಇಳಿಯತ್ತೆ, ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲೂ ಅದು ಬೇಡ ಅಂತಿದೆ. ಒಂದ್ಸಲ ಬಳಸಿ ಎಸೆಯೋ ಪ್ಲಾಸ್ಟಿಕ್ ತಟ್ಟೆ ಚಮಚ 2022ರ ಜುಲೈಯಿಂದ ದೇಶದಲ್ಲೇ ಬಂದ್, ಮೇಲಾಗಿ ಕುದುರೆಮುಖ ನ್ಯಾಷನಲ್ ಪಾರ್ಕು. ಹಿತ್ತಲಲ್ಲಿ ಬಾಳೆ ಇರೋವಾಗ ನಮಗ್ಯಾಕೆ ಅದೆಲ್ಲ. ಎಲೆ ಹಿಂದಿನ ದಂಟನ್ನ ಚಾಕುವಲ್ಲಿ ತೆಳ್ಳಗೆ ಕೆತ್ತಿ, ಸಣ್ಣ ಉರಿ ಮೇಲೆ ಮೆಲ್ಲಗೆ ಎಳೀತಾ ಹೋಗಿ, ತಿಳಿ ಹಸಿರು ಹೋಗಿ ಎಣ್ಣೆ ಸವರಿದ ಹಾಗೆ ಕಡು ಹಸಿರು ಬಣ್ಣ ಎಲೆ ತುಂಬ ಓಡತ್ತೆ, ಆ ಘಮ ಬಂತು ಅಂದ್ರೆ ತೆಗೀರಿ, ಇನ್ನೊಂದು ಕ್ಷಣ ಬಿಟ್ರೂ ಸುಟ್ಟು ತೂತು. ಬಾಡಿಸಿದ ಎಲೆ ಎಷ್ಟು ಮಡಚಿದ್ರೂ ಸೀಳಲ್ಲ. ಎರಡು ಎಲೆ ಅಡ್ಡ ಉದ್ದ ಇಟ್ಟು, ಪೊಟ್ಟಣ ಮಾಡಿ, ನೀರಲ್ಲಿ ನೆನೆಸಿದ ಬಾಳೆ ನಾರಲ್ಲಿ ಬಿಗಿದುಬಿಡಿ. ಖಾಲಿ ಎಲೆ ಕೂಡ ಅಲ್ಲೇ ಎಸೀಬೇಡಿ, ವಾಪಸ್ ತನ್ನಿ, ನಮ್ಮ ದನಕ್ಕೆ ಹಾಕ್ತೀನಿ ಅಂತ ಹೇಳ್ತೀನಿ, ದನದ ಹೆಸರು ಹೇಳಿದ್ರೆ ತರ್ತಾರೆ ನೋಡಿ.

ಹಿಂದಿನ ರಾತ್ರಿನೇ ಊಟಕ್ಕೆ ಕೂತಾಗ ಕೇಳ್ಕೊಳ್ಳಿ, ಈರುಳ್ಳಿ ಬೆಳ್ಳುಳ್ಳಿ ತಿಂತೀರಾ, ಕಡ್ಲೆಬೀಜ ಆಗತ್ತಾ ಅಂತ. ಪುಳಿಯೋಗರೇಲಿ ಕಡ್ಲೆಬೀಜ ಇರತ್ತೆ, ಅಲರ್ಜಿ ಇರೋರಿಗೆ ಬೆಟ್ಟದ ಮೇಲೆ ಹೆಚ್ಚುಕಮ್ಮಿ ಆದ್ರೆ ಇಳಿಸ್ಕೊಂಡು ಬರೋಕೇ ಮೂರು ಗಂಟೆ ಬೇಕು. ದುಡ್ಡಿನ ಮಾತೂ ಅವಾಗ್ಲೇ ಮುಗಿಸಿ. ರೂಮಿನ ಬಾಡಿಗೇಲಿ ತಿಂಡಿ ಸೇರಿದ್ದು, ಅವ್ರು ತಿಂಡಿ ಹೊತ್ತಿಗಿಂತ ಮೊದ್ಲೇ ಹೊರಟ್ರೆ ಆ ತಿಂಡಿ ಬುತ್ತಿಗೆ ನಾನು ಕಾಸು ತಗೊಳ್ಳಲ್ಲ, ಮಧ್ಯಾಹ್ನದ್ದಕ್ಕೆ ಮಾತ್ರ ತಗೋತೀನಿ, ತಗೊಳ್ಳಲೇಬೇಕು, ನಾಲ್ಕೂವರೆಗೆ ಏಳೋಳು ನಾನು ತಾನೆ.

ಮೊಸರನ್ನಕ್ಕೆ ಕೊಡೋ ಸ್ಟೀಲ್ ಡಬ್ಬಿ ಮೇಲೆ ಪಾತ್ರೆ ಅಂಗಡೀಲಿ ನನ್ನ ಹೆಸರು ಕೊರೆಸಿದ್ದೆ, ಆದ್ರೂ ಮೂರು ಡಬ್ಬಿ ಬೆಂಗಳೂರು ಸೇರಿವೆ, ಯಾರ್ಯಾರ ಜೊತೆ ಆಫೀಸಿಗೆ ಹೋಗ್ತಿವೆಯೋ ಏನೋ. ಈಗ ಕೊಡೋವಾಗ ಡಬ್ಬಿ ಎಣಿಸಿ ಕ್ಯಾಲೆಂಡರ್ ಮೇಲೆ ಬರೀತೀನಿ, ಬಂದಾಗ ಮುಚ್ಚಳ ತೆಗೆದು ಏನು ಉಳಿಸಿದ್ದಾರೆ ಅಂತಾನೂ ನೋಡ್ತೀನಿ.