ಗ್ಲೋಬಲ್ ಸಾಲು ಬಿಟ್ಟುಹೋದ ಭಾನುವಾರ

ಕಾಲೇಜಿನಲ್ಲಿ 8086 ಪ್ರೊಸೆಸರ್‌ನ ಅಸೆಂಬ್ಲಿಯನ್ನು (ಯಂತ್ರದ ಸೂಚನೆಗಳನ್ನು ಒಂದೊಂದಾಗಿ ಬರೆಯುವ ಭಾಷೆ) ಡಾಸ್‌ನಲ್ಲಿ ಬರೆದಿದ್ದೆ. ಎಷ್ಟೋ ವರ್ಷದ ಮೇಲೆ ಉಬುಂಟುವಿನಲ್ಲಿ ನ್ಯಾಸ್ಮ್ ಎಂಬ ಅಸೆಂಬ್ಲರ್ (ಅಸೆಂಬ್ಲಿಯನ್ನು ಯಂತ್ರಸಂಕೇತ ಮಾಡುವ ಪ್ರೋಗ್ರಾಂ) ಹಾಕಿಕೊಂಡು ಮತ್ತೆ ಕಲಿಯಲು ಕೂತೆ. ಪರದೆಯ ಮೇಲೆ ಒಂದು ಸಾಲು ಮೂಡಿಸುವ ಪ್ರೋಗ್ರಾಂ, ಅಷ್ಟೇ. ಅಸೆಂಬ್ಲರ್ ಚಕಾರ ಎತ್ತಲಿಲ್ಲ. ಅಸೆಂಬ್ಲರ್ ಕೊಟ್ಟ ಆಬ್ಜೆಕ್ಟ್ ಫೈಲನ್ನು ಓಡಿಸಬಹುದಾದ ಪ್ರೋಗ್ರಾಂ ಮಾಡುವ ಲಿಂಕರ್, ಅಂದರೆ ಎಲ್‌ಡಿ, ಒಂದು ವಾರ್ನಿಂಗ್ ಕೊಟ್ಟಿತು: _ಸ್ಟಾರ್ಟ್ ಎಂಬ ಎಂಟ್ರಿ ಸಿಂಬಲ್ (ಓಟ ಶುರುವಾಗುವ ಜಾಗದ ಹೆಸರು) ಸಿಗಲಿಲ್ಲ, 401000ನೇ ವಿಳಾಸವನ್ನೇ ಆರಂಭವೆಂದು ಇಟ್ಟುಕೊಳ್ಳುತ್ತೇನೆ ಅಂತ. ಓಡಿಸಿದೆ, ಸಾಲು ಮೂಡಿತು. ವಾರ್ನಿಂಗ್ ಮರೆತೇಹೋಯಿತು.

ಮುಂದಿನ ಭಾನುವಾರ ಅದೇ ಫೈಲಿನಲ್ಲಿ, _ಸ್ಟಾರ್ಟ್‌ಗಿಂತ ಮೇಲೆ, ಬರೀ ನ್ಯೂಲೈನ್ ಬರೆದು ಹಿಂದಿರುಗುವ ಪುಟ್ಟ ಸಬ್‌ರುಟೀನ್ ಸೇರಿಸಿದೆ. ಒಂದು ಖಾಲಿ ಸಾಲು ಬಂತು, ಹಿಂದೆಯೇ ಸೆಗ್ಮೆಂಟೇಶನ್ ಫಾಲ್ಟ್ (ಸಲ್ಲದ ವಿಳಾಸ ಮುಟ್ಟಿ ಪ್ರೋಗ್ರಾಂ ನಿಂತಿತು). ಇಡೀ ಬೆಳಗ್ಗೆ ಸಬ್‌ರುಟೀನಿನಲ್ಲೇ ತಪ್ಪು ಹುಡುಕಿದೆ. ಜಿಡಿಬಿ ಎಂಬ ಡಿಬಗರ್‌ನಲ್ಲಿ ನೋಡಿದರೆ, ಮುಂದಿನ ಸೂಚನೆಯ ವಿಳಾಸ ಇರುವ ಆರ್‌ಐಪಿ ರಿಜಿಸ್ಟರ್‌ನಲ್ಲಿ 1 ಕೂತಿತ್ತು. ಒಂದನೇ ವಿಳಾಸಕ್ಕೆ ಯಾರು ಜಿಗಿಸಿದರು?

ಕೊನೆಗೆ ಆಬ್ಜೆಕ್ಟ್ ಫೈಲಿನ ಮೇಲೆ ಅದರೊಳಗಿನ ಹೆಸರುಗಳ ಪಟ್ಟಿ ಕೊಡುವ ಎನ್‌ಎಂ ಓಡಿಸಿದೆ. _ಸ್ಟಾರ್ಟ್ ಪಕ್ಕದಲ್ಲಿ ಇದ್ದದ್ದು ಸಣ್ಣಕ್ಷರದ ಟಿ. ಹೆಸರು ಆ ಫೈಲಿನೊಳಗಷ್ಟೇ ಗೊತ್ತು ಎಂದು ಅದರ ಅರ್ಥ. ದೊಡ್ಡಕ್ಷರದ ಟಿ ಇದ್ದರೆ ಹೊರಗೂ ಕಾಣುತ್ತದೆ. ಯು ಇದ್ದರೆ, ನಾವು ಬಳಸಿರುವ ಆ ಹೆಸರು ಬೇರೆಡೆಯಿಂದ ಬರಬೇಕು. ಹೆಸರನ್ನು ಹೊರಗೆ ಕಾಣಿಸುವ 'ಗ್ಲೋಬಲ್ _ಸ್ಟಾರ್ಟ್' ಸಾಲನ್ನೇ ನಾನು ಬರೆದಿರಲಿಲ್ಲ. ಹಾಗಾಗಿ ಲಿಂಕರ್, ಕೋಡ್ ಇರುವ ಟೆಕ್ಸ್ಟ್ ಸೆಕ್ಷನ್ನಿನ ಮೊದಲ ಬೈಟ್‌ನಿಂದ ಶುರುಮಾಡಿತ್ತು. ಮೊದಲ ವಾರ ಅಲ್ಲಿ _ಸ್ಟಾರ್ಟ್ ಇತ್ತು, ಎರಡನೇ ವಾರ ಸಬ್‌ರುಟೀನ್. ಅದನ್ನು ಯಾರೂ ಕರೆದಿರಲಿಲ್ಲವಾದ್ದರಿಂದ ಸ್ಟ್ಯಾಕ್‌ನ (ತಾತ್ಕಾಲಿಕ ಮೌಲ್ಯಗಳನ್ನು ಇಡುವ ಮೆಮೊರಿಯ) ತುದಿಯಲ್ಲಿ ಮರಳುವ ವಿಳಾಸವೂ ಇರಲಿಲ್ಲ. ಪ್ರೋಗ್ರಾಂ ಶುರುವಾಗುವಾಗ ಲಿನಕ್ಸ್ ಅಲ್ಲಿ ಆರ್ಗ್ಯುಮೆಂಟ್‌ಗಳ ಎಣಿಕೆ ಇಟ್ಟಿರುತ್ತದೆ, ಪ್ರೋಗ್ರಾಂನ ಹೆಸರೂ ಸೇರಿ ಅದು 1. ಸಬ್‌ರುಟೀನಿನಿಂದ ಹಿಂದಿರುಗಿಸುವ 'ರೆಟ್' ಸೂಚನೆ ಅದನ್ನೇ ವಿಳಾಸವೆಂದು ಎತ್ತಿಕೊಂಡಿತ್ತು. ಅದು ಹೊಳೆದ ಕ್ಷಣದ ಖುಷಿ ಈಗಲೂ ನೆನಪಿದೆ.

32 ಬಿಟ್ ಪಾಠಗಳನ್ನು ಅನುಸರಿಸುವವರಿಗೆ ಇನ್ನೊಂದು ಎರರ್ ಖಂಡಿತ ಎದುರಾಗುತ್ತದೆ: ಐ386 (32 ಬಿಟ್) ಫೈಲು ಎಕ್ಸ್86-64 (64 ಬಿಟ್) ಔಟ್‌ಪುಟ್‌ಗೆ ಹೊಂದುವುದಿಲ್ಲ. ಎಲ್‌ಡಿಗೆ '-ಎಂ ಎಲ್ಫ್_ಐ386' ಕೊಟ್ಟರೆ ಸರಿಹೋಗುತ್ತದೆ. ನಾನು ಹಾಗೆ ಮಾಡದೆ ನ್ಯಾಸ್ಮ್‌ನ ಫಾರ್ಮ್ಯಾಟನ್ನು ಎಲ್ಫ್64 ಮಾಡಿ, ಒಳಗಿನ ಇಂಟ್ 80 (ಲಿನಕ್ಸ್ ಕರ್ನಲ್ಲನ್ನು ಕರೆಯುವ 32 ಬಿಟ್ ವಿಧಾನ) ಕೋಡನ್ನು ಹಾಗೇ ಬಿಟ್ಟಿದ್ದೆ. ಲಿಂಕ್ ಆಯಿತು, ನಡೆಯಿತು ಕೂಡ. ಮುಂದೆ ಸ್ಟ್ಯಾಕ್‌ನಲ್ಲಿದ್ದ ಬಫರನ್ನು ಬರೆಯಹೋದಾಗ ಏನೂ ಮೂಡಲಿಲ್ಲ: ಇಂಟ್ 80 ವಿಳಾಸದ ಕೆಳಗಿನ 32 ಬಿಟ್ ಮಾತ್ರ ನೋಡುತ್ತದೆ, ಸ್ಟ್ಯಾಕ್‌ನ ವಿಳಾಸ ಅಷ್ಟರಲ್ಲಿ ಹಿಡಿಸುವುದಿಲ್ಲ.

ಸಿ ಭಾಷೆಯ ಪ್ರಿಂಟ್‌ಎಫ್ ಬೇಕೆಂದು ಸಿ ಕಂಪೈಲರ್ ಆದ ಜಿಸಿಸಿಯಿಂದ ಲಿಂಕ್ ಮಾಡಿದಾಗ _ಸ್ಟಾರ್ಟ್ ಎರಡು ಕಡೆ ಇದೆ, ಮೇನ್ ಎಲ್ಲೂ ಇಲ್ಲ ಎಂಬ ದೂರು. ಜಿಸಿಸಿ ತನ್ನದೇ _ಸ್ಟಾರ್ಟನ್ನು ಸಿಆರ್‌ಟಿ1 ಎಂಬ ಆಬ್ಜೆಕ್ಟ್ ಫೈಲಿನಿಂದ ತರುತ್ತದೆ, ಅದು ಮೇನ್ ಅನ್ನು ಕರೆಯುತ್ತದೆ. ನಮ್ಮ ಲೇಬಲ್‌ಗೆ ಮೇನ್ ಎಂದು ಹೆಸರಿಟ್ಟು ಗ್ಲೋಬಲ್ ಮಾಡಿದರೆ ಮುಗಿಯಿತು. ಆಮೇಲೂ ಪಿಐಇ (ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರಬಲ್ಲ ಪ್ರೋಗ್ರಾಂ) ಆಬ್ಜೆಕ್ಟಿನಲ್ಲಿ ಈ ರಿಲೊಕೇಶನ್ (ಲಿಂಕರ್ ತುಂಬಬೇಕಾದ ವಿಳಾಸ) ಸಲ್ಲದು ಎಂದರೆ, ಕಲಿಯುವ ಹಂತದಲ್ಲಿ '-ನೋ-ಪಿಐಇ' ಸಾಕು. ಸರಿಯಾಗಿ ಮಾಡುವುದಾದರೆ ವಿಳಾಸವನ್ನು 'ಲೀ' ಮತ್ತು 'ರೆಲ್' ಬಳಸಿ, ಅಂದರೆ ಈಗಿನ ಸೂಚನೆಯಿಂದ ಎಷ್ಟು ದೂರ ಎಂಬ ಲೆಕ್ಕದಲ್ಲಿ, ತೆಗೆದುಕೊಳ್ಳಬೇಕು.

ಈಗ ಈ ಆದೇಶಗಳನ್ನು ಬರೆದಿಡುವ ನನ್ನ ಮೇಕ್‌ಫೈಲಿನಲ್ಲಿ ಎಲ್‌ಡಿಯ ಮುಂದೆ '--ಫೇಟಲ್-ವಾರ್ನಿಂಗ್ಸ್' ಇದೆ, ಅದು ವಾರ್ನಿಂಗನ್ನೂ ಎರರ್ ಎಂದೇ ಎಣಿಸುತ್ತದೆ. ಗ್ಲೋಬಲ್ ಮರೆತರೆ ಓಡಿಸಲು ಫೈಲೇ ಸಿಗುವುದಿಲ್ಲ.