ಹದಿನೆಂಟು ಲೀಟರಿನ ಲೆಕ್ಕ

ಮನೆಗೆ ತರಿಸುವ ಕುಡಿಯುವ ನೀರಿನ ಕ್ಯಾನ್ ಇಪ್ಪತ್ತು ಲೀಟರಿನದು. ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರು ಚಿಕ್ಕ ಕ್ಯಾಬಿನೆಟ್ (ಬಿಡಿಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆ) ಎನ್ನುವುದಕ್ಕೆ ಹಾಕಿಕೊಂಡಿರುವ ಗೆರೆಯೂ ಹೆಚ್ಚುಕಡಿಮೆ ಅಷ್ಟೇ. ಈ ಹೋಲಿಕೆ ನನಗೆ ಹೊಳೆದದ್ದು ಹಳೆಯ ಟವರ್ ಕ್ಯಾಬಿನೆಟ್ಟನ್ನು ಮೂರನೆಯ ಮಹಡಿಯಿಂದ ಇಳಿಸುವಾಗ. ಅದರ ಗಾತ್ರ ಸುಮಾರು 48 ಲೀಟರ್. ಎರಡು ಕ್ಯಾನಿಗೂ ಮಿಕ್ಕಿದ್ದು, ಒಳಗೆ ಅರ್ಧದಷ್ಟು ಬರೀ ಗಾಳಿ.

ನನ್ನ ಕೆಲಸ ಅನಿಮೇಷನ್ ಮತ್ತು ವಿಡಿಯೊ ಸಂಕಲನ. ತಿಂಗಳಲ್ಲಿ ಹದಿನೈದು ದಿನ ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆ, ಉಳಿದ ದಿನ ಶಿರಸಿಯ ಹತ್ತಿರದ ಊರು. ಲ್ಯಾಪ್‌ಟಾಪ್ ಏಕೆ ಬೇಡ ಎಂದು ಎಲ್ಲರೂ ಕೇಳುತ್ತಾರೆ. ಹೆಸರಿನಲ್ಲಿ ಒಂದೇ ಆದರೂ ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡಿನಲ್ಲಿ ಇರುವುದು 12 ಜಿಬಿ ಮೆಮೊರಿ, ಡೆಸ್ಕ್‌ಟಾಪಿನದರಲ್ಲಿ 16 ಜಿಬಿ. ಅನಿಮೇಷನ್ ತಂತ್ರಾಂಶ ಬ್ಲೆಂಡರ್‌ನಲ್ಲಿ ಕಾಡು, ಮಳೆ, ಎಲೆ ಎಂದು ತುಂಬಿದ ದೃಶ್ಯವೊಂದು ಆ 12 ಜಿಬಿಯನ್ನು ದಾಟಿದರೆ ರೆಂಡರ್, ಅಂದರೆ ದೃಶ್ಯವನ್ನು ಚಿತ್ರವಾಗಿ ಮೂಡಿಸುವ ಕೆಲಸ, ಅಲ್ಲಿಗೇ ಕೈಕೊಡುತ್ತದೆ ಅಥವಾ ತೆವಳತೊಡಗುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಬೇಕು, ಅದು ಬಸ್ಸಿನಲ್ಲಿ ನನ್ನ ಜೊತೆ ಬರಬೇಕು. ಪತ್ರಿಕೆಯಲ್ಲಿ ದಿನವೂ ಸಂಪುಟ ವಿಸ್ತರಣೆಯ ಸುದ್ದಿ ಓದುವ ನಾನು ಮನೆಯ ಕ್ಯಾಬಿನೆಟ್ಟನ್ನು ಕುಗ್ಗಿಸಲು ಹೊರಟೆ.

ಆಗ ನನ್ನ ಬಳಿ ಇದ್ದ ಬಿಡಿಭಾಗಗಳು ಇವು: ರೈಜನ್ 9 7950ಎಕ್ಸ್ ಪ್ರೊಸೆಸರ್, 300 ಮಿಲಿಮೀಟರ್ ಉದ್ದ, 120 ಅಗಲ ಮತ್ತು ಎರಡೂವರೆ ಸ್ಲಾಟ್ (ಕ್ಯಾಬಿನೆಟ್ಟಿನ ಹಿಂಬದಿಯ ಕಾರ್ಡ್ ಕಿಂಡಿಗಳ ಲೆಕ್ಕ) ದಪ್ಪದ ಆರ್‌ಟಿಎಕ್ಸ್ 4080 ಸೂಪರ್ ಕಾರ್ಡ್. ಪ್ರೊಸೆಸರ್ 170 ವಾಟ್ ಎಂದು ಬರೆದಿದ್ದರೂ ಪೂರ್ತಿ ಹೊರೆ ಬಿದ್ದಾಗ ಮದರ್‌ಬೋರ್ಡಿನ ಸಾಕೆಟ್ಟಿನಿಂದ 230 ವಾಟ್‌ವರೆಗೆ ಎಳೆಯುತ್ತದೆ. ಕಾರ್ಡಿನದು 320. ಎರಡನ್ನೂ ಕೂಡಿಸಿದರೆ ಅರ್ಧ ಕಿಲೊವಾಟ್ ದಾಟಿತು. ಒಂದು ಪುಟ್ಟ ಇಸ್ತ್ರಿಪೆಟ್ಟಿಗೆಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ ಹಾಗೆ. ಈ ಲೆಕ್ಕವನ್ನು ನಾನು ಕ್ಯಾಬಿನೆಟ್ ಕೊಳ್ಳುವ ಮೊದಲು ಮಾಡಬೇಕಿತ್ತು. ಮಾಡಿದ್ದು ಕೊಂಡ ಮೇಲೆ.

ಮೊದಲು ಕೊಂಡದ್ದು ಹತ್ತು ಲೀಟರಿನ ಆಸುಪಾಸಿನ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ನಿಜ ಹೇಳಬೇಕೆಂದರೆ ಅಂದಕ್ಕೆ ಮರುಳಾದೆ. ಮಧ್ಯದಲ್ಲೊಂದು ತಗಡು, ಅದರ ಒಂದು ಮಗ್ಗುಲಿಗೆ ಮದರ್‌ಬೋರ್ಡ್, ಇನ್ನೊಂದು ಮಗ್ಗುಲಿಗೆ ಬೆನ್ನು ಕೊಟ್ಟು ನಿಲ್ಲುವ ಗ್ರಾಫಿಕ್ಸ್ ಕಾರ್ಡ್. ಸ್ಯಾಂಡ್‌ವಿಚ್ ಎನ್ನುತ್ತಾರೆ ಈ ಜೋಡಣೆಗೆ. 7.2 ಲೀಟರಿನ ಡ್ಯಾನ್ ಎ4 ಕ್ಯಾಬಿನೆಟ್ ಈ ಬಗೆಯನ್ನು ಹವ್ಯಾಸಿಗಳ ನಡುವೆ ಹೆಸರುವಾಸಿ ಮಾಡಿತು. ಈಚಿನ ಫ್ರ್ಯಾಕ್ಟಲ್ ಟೆರಾ 10.4 ಲೀಟರಿನದು, ಅದರಲ್ಲಿ ನಡುವಿನ ತಗಡನ್ನು ಆಚೀಚೆ ಸರಿಸಬಹುದು. ಕಾರ್ಡ್ ದಪ್ಪವಾದಷ್ಟೂ ಪ್ರೊಸೆಸರಿನ ಕೂಲರಿಗೆ ಎತ್ತರ ಕಡಿಮೆಯಾಗುತ್ತದೆ. ಟೆರಾದಲ್ಲಿ ಅದು 77 ಮಿಲಿಮೀಟರಿನಿಂದ 48ರವರೆಗೆ ಇಳಿಯುತ್ತದೆ. ಒಂದೇ ಗೋಡೆಯ ಎರಡು ಬದಿಗೆ ಇಬ್ಬರು ದಾಯಾದಿಗಳು. ಅವನು ಒಂದು ಗೇಣು ಒತ್ತಿದರೆ ಇವನಿಗೆ ಅಷ್ಟು ನಷ್ಟ.

ನನ್ನ ಪೆಟ್ಟಿಗೆಯಲ್ಲಿ ಕಾರ್ಡ್ ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದ ಜಾಗಕ್ಕೆ ಹಿಡಿದದ್ದು 47 ಮಿಲಿಮೀಟರ್ ಎತ್ತರದ ಕೂಲರ್. 230 ವಾಟ್ ಪ್ರೊಸೆಸರಿಗೆ ಅದನ್ನು ಹಾಕುವುದು ಮದುವೆಮನೆಯ ಅಡುಗೆಗೆ ಸ್ಪಿರಿಟ್ ಸ್ಟೌ ಹಚ್ಚಿದಂತೆ. ಜನವರಿಯಲ್ಲಿ ಹೇಗೋ ನಡೆಯಿತು. ಏಪ್ರಿಲ್‌ನಲ್ಲಿ, ಕೋಣೆಯೇ 33 ಡಿಗ್ರಿ ಇದ್ದ ಒಂದು ಮಧ್ಯಾಹ್ನ, ರೆಂಡರ್ ಶುರುವಾದ ಅರ್ಧ ನಿಮಿಷದಲ್ಲಿ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ಅಲ್ಲಿಯೇ ನಿಂತಿತು. 95 ಅದರ ಮಿತಿ, ಸುಟ್ಟುಹೋಗುವುದಿಲ್ಲ. ಅದನ್ನು ದಾಟದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹದಿನಾರು ಕೋರ್‌ಗಳಿಗೆ ಹಣ ಕೊಟ್ಟು ಹನ್ನೆರಡರ ಕೆಲಸ ಪಡೆಯುತ್ತಿದ್ದೆ. ಸದ್ದು ಬೇರೆ. ಚಿಕ್ಕ ಫ್ಯಾನ್ ಹೆಚ್ಚು ಗಾಳಿ ತಳ್ಳಬೇಕಾದರೆ ಹೆಚ್ಚು ಸುತ್ತಬೇಕು. ಧ್ವನಿಮುದ್ರಣವಿದ್ದ ದಿನ ಯಂತ್ರವನ್ನು ಬಚ್ಚಲಮನೆಯಲ್ಲಿಟ್ಟು, ಕೇಬಲ್ಲನ್ನು ಬಾಗಿಲ ಸಂದಿಯಿಂದ ಎಳೆದದ್ದೂ ಉಂಟು. ಊರಿನಲ್ಲಿ ಅಮ್ಮ ಅದರ ಮೇಲ್ತಗಡು ಮುಟ್ಟಿ ನೋಡಿ, "ತಮ್ಮಾ, ಇದರ ಮೇಲೆ ಹಪ್ಪಳ ಒಣಗಿಸಬಹುದಲ್ಲ" ಎಂದಳು. ಮಳೆಗಾಲವಾಗಿದ್ದರೆ ಒಣಗಿಸಿಯೇ ಬಿಡುತ್ತಿದ್ದಳು.

ಒಂದು ಉಪಾಯ ಸ್ವಲ್ಪ ಕೆಲಸ ಮಾಡಿತು, ಇಂಥ ಪೆಟ್ಟಿಗೆ ಇರುವವರಿಗೆ ಉಪಯೋಗವಾದೀತು. ಕೂಲರಿನ ಫ್ಯಾನಿಗೂ ತೂತುಗಳಿರುವ ಪಕ್ಕದ ತಗಡಿಗೂ ನಡುವೆ ಕೆಲವು ಮಿಲಿಮೀಟರ್ ಅಂತರವಿತ್ತು. ಫ್ಯಾನ್ ಆ ಸಂದಿಯಿಂದ ಒಳಗಿನ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಹಳೆಯ ಯೋಗ ಚಾಪೆಯನ್ನು ಬಳೆಯಾಕಾರಕ್ಕೆ ಕತ್ತರಿಸಿ ಸುತ್ತ ಕೂರಿಸಿದೆ. ಹೊರಗಿನ ಗಾಳಿ ನೇರವಾಗಿ ಫ್ಯಾನಿಗೆ ಸಿಕ್ಕಿ ನಾಲ್ಕು ಡಿಗ್ರಿ ಇಳಿಯಿತು, ಕೀರಲು ಸದ್ದೂ ತಗ್ಗಿತು. ಆದರೆ ಮದರ್‌ಬೋರ್ಡಿನ ಬೆನ್ನಿಗಿದ್ದ ಎರಡನೆಯ ಎಸ್‌ಎಸ್‌ಡಿಗೆ (ಕಡತಗಳನ್ನು ಉಳಿಸುವ ಡಿಸ್ಕಿಗೆ) ಯಾವ ಉಪಾಯವೂ ಇರಲಿಲ್ಲ. 17 ಸೆಂಟಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡಿನಲ್ಲಿ ಜಾಗ ಸಾಲದೆ ಎರಡನೆಯ ಎಸ್‌ಎಸ್‌ಡಿಯನ್ನು ಹಲವು ಬಾರಿ ಹಿಂಬದಿಗೆ ಕೊಡುತ್ತಾರೆ. ಸ್ಯಾಂಡ್‌ವಿಚ್‌ನಲ್ಲಿ ಅದರ ಎದುರಿಗೆ ಕಾರ್ಡಿನ ಬೆನ್ನು ಇರುತ್ತದೆ, ನಡುವೆ ಗಾಳಿ ಆಡುವುದಿಲ್ಲ.

ಇನ್ನು ರೈಸರ್ ಕೇಬಲ್. ಕಾರ್ಡನ್ನು ಬೋರ್ಡಿಗೆ ನೇರ ಚುಚ್ಚಲಾಗದ ಕಾರಣ ಪಟ್ಟಿಯಂತಹ ಈ ಕೇಬಲ್ ಬೇಕು. ಹತ್ತು ಬಾರಿಗೊಮ್ಮೆ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ಕಾರ್ಡ್ ಕೆಟ್ಟಿತೆಂದು ಎರಡು ವಾರ ನಿದ್ದೆಗೆಟ್ಟೆ. ಕೊನೆಗೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಪಿಸಿಐಇ, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕದ ವೇಗವನ್ನು ನಾಲ್ಕನೆಯ ತಲೆಮಾರಿನಿಂದ ಮೂರಕ್ಕೆ ಇಳಿಸಿದಾಗ ರೋಗ ವಾಸಿಯಾಯಿತು. ರೆಂಡರ್ ಸಮಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ರೈಸರ್‌ನ ವಿಷಯದಲ್ಲಿ ಉದಾಸೀನ ಸಲ್ಲದು. 2021ರಲ್ಲಿ ಎನ್‌ಝಡ್‌ಎಕ್ಸ್‌ಟಿ ಕಂಪನಿಯ ಎಚ್1 ಕ್ಯಾಬಿನೆಟ್ಟನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಂಡದ್ದು, ರೈಸರ್ ಹಿಡಿದಿಟ್ಟ ಲೋಹದ ಸ್ಕ್ರೂನಿಂದ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತುವ ಅಪಾಯವಿದ್ದ ಕಾರಣಕ್ಕೆ.

ಮೇ ತಿಂಗಳಲ್ಲಿ ಸೋಲೊಪ್ಪಿಕೊಂಡೆ. ಈ ಬಾರಿ ಕ್ಯಾಬಿನೆಟ್ ಚಿತ್ರಗಳನ್ನು ನೋಡುವುದನ್ನೇ ಬಿಟ್ಟು ಕಾರ್ಡನ್ನು ಮೇಜಿನ ಮೇಲಿಟ್ಟು ಸ್ಕೇಲ್ ಹಿಡಿದೆ. ಉದ್ದ 300, ಅದು ಎಲ್ಲರೂ ನೋಡುವ ಅಳತೆ. ಯಾರೂ ನೋಡದ ಅಳತೆ ಅಗಲ. ಈ ಕಾರ್ಡ್‌ಗಳ ಹದಿನಾರು ಪಿನ್ನಿನ ವಿದ್ಯುತ್ ಕೇಬಲ್ ಕಾರ್ಡಿನ ಅಂಚಿನಿಂದ ಹೊರಗೆ ಚಾಚುತ್ತದೆ, ಕನೆಕ್ಟರ್‌ನಿಂದ 35 ಮಿಲಿಮೀಟರಿನೊಳಗೆ ಅದನ್ನು ಬಗ್ಗಿಸಬಾರದು. ಸರಿಯಾಗಿ ಕೂರದೆ, ಬಾಗಿದ ಕನೆಕ್ಟರ್‌ಗಳು ಕರಗಿದ ಕಥೆಗಳು ಆ ಹೊತ್ತಿಗೆ ಸಾಕಷ್ಟು ಕೇಳಿದ್ದೆ. ಹಳೆಯ ಪೆಟ್ಟಿಗೆಯಲ್ಲಿ ಮುಚ್ಚಳವೇ ಆ ಕೇಬಲ್ಲನ್ನು ಒತ್ತಿ ಹಿಡಿದಿತ್ತು. ನೆನೆದರೆ ಈಗಲೂ ಬೆನ್ನಲ್ಲಿ ಚಳಿ. 120ಕ್ಕೆ 35 ಸೇರಿಸಿದರೆ 155. ಅಂದರೆ ಕಾರ್ಡಿನ ಅಗಲಕ್ಕೆ 155 ಮಿಲಿಮೀಟರ್ ಕೊಡದ ಕ್ಯಾಬಿನೆಟ್ ಬೇಡ. ಈ ಒಂದೇ ಸಂಖ್ಯೆ ನನ್ನ ಪಟ್ಟಿಯ ಮುಕ್ಕಾಲು ಪಾಲನ್ನು ಜರಡಿ ಹಿಡಿಯಿತು.

ಆಮೇಲೆ ಎಸ್‌ಎಂಪಿಎಸ್, ಎಲ್ಲಕ್ಕೂ ವಿದ್ಯುತ್ ಕೊಡುವ ಘಟಕ. ಮಾಮೂಲಿ ಎಟಿಎಕ್ಸ್ ಘಟಕ 150 ಮಿಲಿಮೀಟರ್ ಅಗಲ, 86 ಎತ್ತರ. ಚಿಕ್ಕ ಅಳತೆಯ ಎಸ್‌ಎಫ್‌ಎಕ್ಸ್ ಆದರೆ 125 ಅಗಲ, 100 ಉದ್ದ, 63.5 ಎತ್ತರ. ಬೆಲೆ ಮಾತ್ರ ಗಾತ್ರಕ್ಕೆ ತಿರುಗುಮುರುಗು. 850 ವಾಟ್ ಎಸ್‌ಎಫ್‌ಎಕ್ಸ್ ಮೊದಲೇ ಕೊಂಡಿದ್ದೆ, ಅದನ್ನು ಉಳಿಸಿಕೊಂಡೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ನನ್ನ ಪಟ್ಟಿ ನೋಡಿದ ಹುಡುಗ, "ಸರ್, ಇದೇ ದುಡ್ಡಿಗೆ ದೊಡ್ಡ ಕ್ಯಾಬಿನೆಟ್, ದೊಡ್ಡ ಎಸ್‌ಎಂಪಿಎಸ್ ಕೊಡುತ್ತೇನೆ, ಮೇಲೊಂದು ಕೀಬೋರ್ಡ್ ಕೂಡ ಬರುತ್ತದೆ" ಎಂದ. ಅವನ ಮಾತು ಸುಳ್ಳಲ್ಲ. ಚಿಕ್ಕದಕ್ಕೆ ಹೆಚ್ಚು ಬೆಲೆ, ಒಂದೇ ವಿಸ್ತರಣಾ ಸ್ಲಾಟ್, ಎರಡೇ ರ‍್ಯಾಮ್ ಸ್ಲಾಟ್. ಹಾಗಾಗಿಯೇ 48 ಜಿಬಿಯ ಎರಡು ರ‍್ಯಾಮ್ ಪಟ್ಟಿಗಳನ್ನು ಒಮ್ಮೆಲೇ ಕೊಂಡೆ. ಆಮೇಲೆ ಸೇರಿಸೋಣ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಜರಡಿಯಲ್ಲಿ ಉಳಿದವುಗಳಲ್ಲಿ ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಎದ್ದು ಕಂಡಿತು. 2020ರಲ್ಲಿ ಬಂದದ್ದು, ಹೊಸತಲ್ಲ. ಕಾರ್ಡಿಗೆ 330 ಉದ್ದ, 156 ಅಗಲ. ನನಗೆ ಬೇಕಾದ 155ಕ್ಕಿಂತ ಒಂದೇ ಒಂದು ಮಿಲಿಮೀಟರ್ ಹೆಚ್ಚು! ಕೂಲರಿಗೆ 155 ಎತ್ತರ. ರೈಸರ್ ಬೇಕಿಲ್ಲ, ಕಾರ್ಡ್ ನೇರ ಬೋರ್ಡಿಗೇ ಕೂರುತ್ತದೆ. 18.25 ಲೀಟರ್ ಎಂದು ಹೇಳುತ್ತಾರೆ. ಇಲ್ಲೊಂದು ಕೈಚಳಕವಿದೆ. ಆ ಅಂಕಿ ಕಾಲು ಮತ್ತು ಉಬ್ಬುಗಳನ್ನು ಬಿಟ್ಟ ಲೆಕ್ಕ. ಅವನ್ನೂ ಸೇರಿಸಿದ ಅಳತೆ 376, 185, 292. ಗುಣಿಸಿ ನೋಡಿ, 20.3 ಲೀಟರ್. ನೀರಿನ ಕ್ಯಾನಿಗಿಂತ ಒಂದು ಲೋಟ ಹೆಚ್ಚೇ. ಬೇರೆ ಕ್ಯಾಬಿನೆಟ್ ಹೋಲಿಸುವಾಗಲೂ ಎರಡನ್ನೂ ಒಂದೇ ಬಗೆಯಲ್ಲಿ ಅಳೆದಿದ್ದಾರೆಯೇ ನೋಡಿಕೊಳ್ಳಬೇಕು. ಕೊಳ್ಳುವ ಮೊದಲು ಕೊರಿಯರ್ ರಟ್ಟಿನಿಂದ ಇದೇ ಅಳತೆಯ ಪೆಟ್ಟಿಗೆ ಮಾಡಿ ನನ್ನ ಪ್ರಯಾಣದ ಚೀಲದಲ್ಲಿ ತೂರಿಸಿ ನೋಡಿದೆ. ಹಿಡಿಯಿತು, ಝಿಪ್ ಮಾತ್ರ ಮಂಡಿಯೂರಿ ಎಳೆಯಬೇಕು.

ನೀರು ಹರಿಸಿ ಪ್ರೊಸೆಸರನ್ನು ತಣಿಸುವ ಆಸೆ ಇತ್ತು, 240 ಮಿಲಿಮೀಟರಿನ ರೇಡಿಯೇಟರ್ ಪಕ್ಕಕ್ಕೆ ಕೂರುತ್ತದೆ. ಬೇಡವೆನಿಸಿತು. ತಿಂಗಳಿಗೆರಡು ಬಾರಿ ಬಸ್ಸಿನಲ್ಲಿ ಕುಲುಕುವ ಯಂತ್ರದಲ್ಲಿ ಪಂಪ್ ಕೆಟ್ಟರೆ ಶಿರಸಿಯಲ್ಲಿ ಮರುದಿನ ಇನ್ನೊಂದು ಸಿಗುವುದಿಲ್ಲ. ಫ್ಯಾನ್ ಆದರೆ ಯಾವುದೂ ನಡೆದೀತು. 145 ಮಿಲಿಮೀಟರ್ ಎತ್ತರದ ನಾಕ್ಚುವಾ ಎನ್‌ಎಚ್-ಡಿ12ಎಲ್ ಕೂಲರ್ ಹಾಕಿದೆ. ಅಡಿಯಲ್ಲಿ ಎರಡು 120ರ ಫ್ಯಾನ್ ಗಾಳಿಯನ್ನು ನೇರ ಕಾರ್ಡಿಗೆ ಊದುತ್ತವೆ, ಮೇಲಿನ ಎರಡು ಹೊರಗೆ ಹಾಕುತ್ತವೆ. ಕೆಳಗಿಂದ ಮೇಲಕ್ಕೆ, ಒಲೆಯ ಹೊಗೆ ಹೋಗುವ ದಾರಿಯಲ್ಲಿಯೇ. ಕಾಲುಗಳು ಗಿಡ್ಡವಾದ್ದರಿಂದ ಅಡಿಗೆ ಗಾಳಿ ಸಾಲದು ಎನಿಸಿ, ಅಪ್ಪ ಅಟ್ಟದಲ್ಲಿಟ್ಟಿದ್ದ ರೀಪಿನ ಎರಡು ತುಂಡು ಕೊಟ್ಟು ಎತ್ತರಿಸಿದೆ. ಕಾರ್ಡ್ ಎರಡು ಡಿಗ್ರಿ ತಣ್ಣಗಾಯಿತು. ಇಷ್ಟು ಖರ್ಚು ಮಾಡಿದ ಯಂತ್ರಕ್ಕೆ ಅತಿ ಹೆಚ್ಚು ಲಾಭ ತಂದದ್ದು ಬಹುಶಃ ಆ ಬಿಟ್ಟಿ ರೀಪು.

ಬಹುಶಃ ಅಲ್ಲ, ಎರಡನೆಯದು. ಮೊದಲನೆಯದು ಬಯೋಸ್‌ನ ಇಕೊ ಮೋಡ್, ಪ್ರೊಸೆಸರಿನ ವಿದ್ಯುತ್ತಿಗೆ ಕಡಿವಾಣ ಹಾಕುವ ಸೆಟ್ಟಿಂಗ್, ಅದಕ್ಕೂ ಖರ್ಚಿಲ್ಲ. 7950ಎಕ್ಸ್ ಅನ್ನು 105 ವಾಟ್ ಮೋಡ್‌ಗೆ ಇಳಿಸಿದರೆ ಸಾಕೆಟ್ಟಿನಿಂದ ಎಳೆಯುವುದು 230ರ ಬದಲು 142 ವಾಟ್. ನನ್ನ ಹತ್ತು ನಿಮಿಷದ ರೆಂಡರ್‌ಗೆ ಅರ್ಧ ನಿಮಿಷ ಹೆಚ್ಚು ಹಿಡಿಯಿತು. ಕೊನೆಯ ಆ ಎಂಬತ್ತೆಂಟು ವಾಟ್ ಇಡೀ ವರ್ಷ ನನಗೆ ಕೊಟ್ಟದ್ದು ಬರೀ ಬಿಸಿ. ಕಾರ್ಡನ್ನೂ 80 ಪ್ರತಿಶತಕ್ಕೆ ಕಟ್ಟಿಹಾಕಿದೆ, 256 ವಾಟ್. ಈಗ ಮಧ್ಯಾಹ್ನದ ಬಿಸಿಲಿನಲ್ಲಿ ಎರಡಕ್ಕೂ ಹೊರೆ ಕೊಟ್ಟರೂ ಪ್ರೊಸೆಸರ್ 80ರ ಸುತ್ತ, ಕಾರ್ಡ್ 70ರ ಸುತ್ತ. ಸೀಲಿಂಗ್ ಫ್ಯಾನಿನ ಸದ್ದಿನಲ್ಲಿ ಇದರ ಸದ್ದು ಮುಳುಗಿಹೋಗುತ್ತದೆ.

ಬಸ್ಸಿನಲ್ಲಿ ಒಯ್ಯುವಾಗ ಕಾರ್ಡನ್ನು ಬಿಚ್ಚಿ ಬಟ್ಟೆಯ ನಡುವೆ ಬೇರೆ ಇಡುತ್ತೇನೆ. ಕ್ಯಾಬಿನೆಟ್ಟನ್ನು ನಿಲ್ಲಿಸುವುದಿಲ್ಲ, ಬೋರ್ಡ್ ಅಡಿಗೆ ಬರುವಂತೆ ಮಲಗಿಸುತ್ತೇನೆ. ಕೂಲರಿನ ಭಾರ ಆಗ ಬೋರ್ಡಿನ ಮೇಲೆ ನೇರ ಕೂರುತ್ತದೆ, ಹಳ್ಳಕ್ಕೆ ಬಿದ್ದಾಗಲೆಲ್ಲ ಜೋತು ಎಳೆಯುವುದಿಲ್ಲ. ಊರು ಸೇರಿದ ಮೇಲೆ ಮಲೆನಾಡಿನದೇ ಆದ ಒಂದು ಕಾಟವಿದೆ. ಕುಂಬಾರ ಹುಳ. ಒಂದು ಬೇಸಿಗೆಯಲ್ಲಿ ಹಿಂದಿನ ಯುಎಸ್‌ಬಿ ಕಿಂಡಿಯಲ್ಲಿ ಮಣ್ಣಿನ ಅಚ್ಚುಕಟ್ಟಾದ ಮನೆ ಕಟ್ಟಿಬಿಟ್ಟಿತ್ತು. ಈಗ ಖಾಲಿ ಕಿಂಡಿಗಳಿಗೆಲ್ಲ ರಬ್ಬರ್ ಬಿರಡೆ.

ಹಳೆಯ ಹತ್ತು ಲೀಟರಿನ ಪೆಟ್ಟಿಗೆಯನ್ನು ಹುಬ್ಬಳ್ಳಿಯ ಗೆಳೆಯ ಅರ್ಧ ಬೆಲೆಗೆ ಒಯ್ದ. ಯೋಗ ಚಾಪೆಯ ಬಳೆಯನ್ನೂ ಕೊಟ್ಟೆ. ಅವನದು 65 ವಾಟಿನ ರೈಜನ್ 7 7700, ಎರಡು ಸ್ಲಾಟಿನ 200 ವಾಟ್ ಆರ್‌ಟಿಎಕ್ಸ್ 4070. ಕಳೆದ ಬೇಸಿಗೆಯಲ್ಲಿ ಅವನ ಮನೆಗೆ ಹೋದಾಗ ಅದು ಟಿವಿಯ ಪಕ್ಕ ಓಡುತ್ತಿತ್ತು. ಚಾಲೂ ಇದೆಯೇ ಎಂದು ತಿಳಿಯಲು ನಾನು ಅದಕ್ಕೆ ಕಿವಿಗೊಡಬೇಕಾಯಿತು. ಮೇಲ್ತಗಡು ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೆ.